ಪಿಕಪ್ ಹಿಂದಕ್ಕೆ ಉರುಳಿ ಮುಂದಿನ ಬಂಪರ್ ಸೀಳಿದೆ: ಕ್ಲೇಮ್ ಮಾಡಲಾ, ಹೊರಗೆ ರಿಪೇರಿ ಮಾಡಿಸಲಾ?

ಕೊಡಗಿನ ಕಾರು, ಮಡಿಕೇರಿ

ಎಲ್ಲರಿಗೂ ನಮಸ್ಕಾರ. ಏರು ರಸ್ತೆಯಲ್ಲಿ ಗಾಡಿಗಳು ಸಾಲಾಗಿ ನಿಂತಿದ್ದವು. ನನ್ನ ಮುಂದಿದ್ದ ಪಿಕಪ್ ಹೊರಡುವಾಗ ಹಿಂದಕ್ಕೆ ಉರುಳಿತು. ಹಾರ್ನ್ ಒತ್ತಿದೆ. ರಿವರ್ಸ್ ತೆಗೆಯೋಣ ಅಂದ್ರೆ ಹಿಂದೆ ಬಸ್ಸು. ಪಿಕಪ್ಪಿನ ಹಿಂದಿನ ಕೊಕ್ಕೆ ಬಂದು ನನ್ನ ಸ್ವಿಫ್ಟ್ ಬಂಪರಿಗೆ ನೆಟ್ಟಿತು.

ನಂಬರ್ ಪ್ಲೇಟಿನ ಎಡಕ್ಕೆ ನಾಣ್ಯದಷ್ಟು ದೊಡ್ಡ ತೂತು ಬಿದ್ದಿದೆ. ಅಲ್ಲಿಂದ ಕೆಳಗಿನ ಜಾಲರಿವರೆಗೆ ಗೇಣುದ್ದ ಸೀಳು. ಎಡ ಮೂಲೆ ಫೆಂಡರಿನಿಂದ ಬಿಟ್ಟುಕೊಂಡು ಬೆರಳು ತೂರುವಷ್ಟು ಸಂದಾಗಿದೆ. ನಂಬರ್ ಪ್ಲೇಟೂ ಮಡಚಿದೆ. ಯಾರಿಗೂ ಪೆಟ್ಟಾಗಿಲ್ಲ. ಡ್ರೈವರ್ ಚಿಕ್ಕ ಹುಡುಗ. ಜೇಬಲ್ಲಿದ್ದ 1,500 ರೂಪಾಯಿ ಕೊಟ್ಟು ಕೈಮುಗಿದ, ನಾನೂ ಜಗ್ಗಾಡಲಿಲ್ಲ.

ಗಾಡಿ 2019ರದು, ಪೆಟ್ರೋಲ್, ಸಿಲ್ಕಿ ಸಿಲ್ವರ್ ಬಣ್ಣ. ಇನ್ಶೂರೆನ್ಸ್ ಫುಲ್ ಇದೆ, ಆದರೆ ಜೀರೋ ಡೆಪ್ (ಸವಕಳಿ ಕಳೆಯದೆ ಕೊಡುವ ಆಡ್-ಆನ್) ಇಲ್ಲ. ಎನ್‌ಸಿಬಿ, ಅಂದ್ರೆ ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, 50 ಪರ್ಸೆಂಟಿಗೆ ಬಂದು ನಿಂತಿದೆ. ಸರ್ವಿಸ್ ಸೆಂಟರಿನಲ್ಲಿ "ಹೊಸ ಬಂಪರೇ ಹಾಕಬೇಕು, ಕ್ಲೇಮ್ ಮಾಡಿ, ನಿಮಗೆ ಹೆಚ್ಚು ಖರ್ಚಾಗಲ್ಲ" ಅಂತಾರೆ. ಪಕ್ಕದ ಗ್ಯಾರೇಜಿನವರು "ಅಂಟಿಸಿ ಪೇಂಟ್ ಹೊಡೆದು ಕೊಡ್ತೀನಿ" ಅಂತಾರೆ. ಯಾವುದು ಸರಿ?

ಗಣಿತದ ಮೇಷ್ಟ್ರು, ತುಮಕೂರು

ಸರ್, "ಹೆಚ್ಚು ಖರ್ಚಾಗಲ್ಲ" ಅನ್ನುವುದು ಈ ವರ್ಷದ ಮಟ್ಟಿಗೆ ಮಾತ್ರ. ಪೂರ್ತಿ ಲೆಕ್ಕ ನೋಡಿ.

ಜೀರೋ ಡೆಪ್ ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ನೈಲಾನ್ ಭಾಗಗಳಿಗೆ 50 ಪರ್ಸೆಂಟ್ ಸವಕಳಿ ಕಳೆಯುತ್ತಾರೆ. ಗಾಡಿಯ ವಯಸ್ಸು ಎಷ್ಟಾದರೂ ಅಷ್ಟೇ. ಬಂಪರ್ ಅಂದ್ರೆ ಪ್ಲಾಸ್ಟಿಕ್. ಪೇಂಟಿಂಗಿಗೆ ಒಟ್ಟು ಬಿಲ್ ಕೊಟ್ಟರೆ ಅದರ 25 ಪರ್ಸೆಂಟನ್ನು ಬಣ್ಣದ ಸಾಮಾನಿನ ಬೆಲೆ ಅಂತ ಹಿಡಿದು ಅದರಲ್ಲೂ ಅರ್ಧ ಕಳೆಯುತ್ತಾರೆ. ಇದರ ಮೇಲೆ ಕಡ್ಡಾಯವಾಗಿ ನಾವೇ ಹಾಕಬೇಕಾದ ದುಡ್ಡು: 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000.

ಬಂಪರ್ 3,000, ಪೇಂಟಿಂಗ್ 4,000, ಬಿಚ್ಚಿ ಹಾಕುವ ಕೂಲಿ 1,000 ಅಂತ ಸುಮ್ನೆ ಇಟ್ಟುಕೊಳ್ಳಿ. ಒಟ್ಟು 8,000. ಅದರಲ್ಲಿ ಬಂಪರಿನ ಅರ್ಧ 1,500, ಪೇಂಟಿನ 500, ಕಡ್ಡಾಯದ 1,000. ನಿಮ್ಮ ಕೈಯಿಂದ ಹೋಗುವುದು 3,000. ಕಂಪನಿ ಕೊಡುವುದು 5,000.

ಈಗ ಎನ್‌ಸಿಬಿಗೆ ಬನ್ನಿ. ಈ ರಿಯಾಯಿತಿ ಓನ್ ಡ್ಯಾಮೇಜ್ (ನಮ್ಮದೇ ಗಾಡಿಯ ನಷ್ಟದ) ಪ್ರೀಮಿಯಂಗೆ ಮಾತ್ರ, ಥರ್ಡ್ ಪಾರ್ಟಿಗಲ್ಲ. ಒಂದು ಕ್ಲೇಮ್ ಮಾಡಿದರೆ ಮುಂದಿನ ರಿನ್ಯೂವಲ್‌ಗೆ ಸೊನ್ನೆ. ಆಮೇಲೆ ಕ್ಲೇಮ್ ಇಲ್ಲದೆ ಒಂದೊಂದು ವರ್ಷ ಕಳೆದ ಹಾಗೆ 20, 25, 35, 45, 50 ಅಂತ ಮತ್ತೆ ಮೆಟ್ಟಿಲು ಹತ್ತಬೇಕು. ಕ್ಲೇಮ್ ಮಾಡದಿದ್ದರೆ ಅಷ್ಟೂ ವರ್ಷ 50 ಸಿಗುತ್ತಿತ್ತು. ರಿಯಾಯಿತಿಗೆ ಮೊದಲಿನ ಪ್ರೀಮಿಯಂ 8,000 ಇದ್ದರೆ ವರ್ಷವರ್ಷ ಕಳೆದುಕೊಳ್ಳುವುದು 4,000, 2,400, 2,000, 1,200, 400. ಕೂಡಿಸಿ ನೋಡಿ, 10,000.

ಗಾಡಿ ಹಳೆಯದಾದಂತೆ ಪ್ರೀಮಿಯಂ ಇಳಿಯುತ್ತದೆ, ಹಾಗಾಗಿ ನಿಜವಾದ ಮೊತ್ತ ಸ್ವಲ್ಪ ಕಮ್ಮಿ. ಆದರೂ 5,000 ಪಡೆಯಲು ಅದಕ್ಕಿಂತ ಎಷ್ಟೋ ಜಾಸ್ತಿ ಬಿಟ್ಟುಕೊಟ್ಟ ಹಾಗಾಯಿತು. ಎನ್‌ಸಿಬಿ ಪ್ರೊಟೆಕ್ಟ್ ಅನ್ನುವ ಆಡ್-ಆನ್ ಇದೆಯಾ ನೋಡಿ. ಇದ್ದರೆ ಲೆಕ್ಕ ಬೇರೆ.

ಕೊಡಗಿನ ಕಾರು

ಆ ಆಡ್-ಆನ್ ಇಲ್ಲ ಮೇಷ್ಟ್ರೇ. ಪ್ರೀಮಿಯಂ ನೀವು ಹಿಡಿದಿದ್ದಕ್ಕೆ ಹತ್ತಿರವೇ ಇದೆ. ಹಾಗಾದ್ರೆ ಕ್ಲೇಮ್ ಬೇಡ ಅಂತಾಯಿತು.

ಎರಡನೇ ಗೇರ್, ಮೈಸೂರು

ತಡೀರಿ. ಮೇಷ್ಟ್ರ ಲೆಕ್ಕ ಸರಿ, ಆದರೆ ಅದು ಬಂಪರ್ ಒಂದೇ ಹೋಗಿದ್ದರೆ. ಹೊರಗೆ ಕಾಣುವುದು ಬರೀ ಮುಖವಾಡ. ಅದರ ಹಿಂದೆ ಅಡ್ಡಕ್ಕೆ ಲೋಹದ ಬೀಮ್ ಇರುತ್ತದೆ, ನಿಜವಾದ ಪೆಟ್ಟು ತಿನ್ನುವುದು ಅದು. ಅದರ ಹಿಂದೆಯೇ ಎಸಿ ಕಂಡೆನ್ಸರ್, ಆಮೇಲೆ ರೇಡಿಯೇಟರ್. ನಿಮ್ಮದು ಕೊಕ್ಕೆಯ ಪೆಟ್ಟು. ಅಗಲವಾಗಿ ತಾಗಿದ್ದರೆ ಬೀಮ್ ತಡೆಯುತ್ತದೆ. ಚೂಪಾಗಿ ಬಂದಿದ್ದು ಬೀಮಿನ ಕೆಳಗಿನಿಂದಲೋ ಮೇಲಿನಿಂದಲೋ ನುಗ್ಗಿದರೆ ನೇರ ಕಂಡೆನ್ಸರಿಗೇ ಹೋಗುತ್ತದೆ.

ಟಾರ್ಚ್ ಹಿಡಿದು ತೂತಿನೊಳಗೆ ನೋಡಿ. ಕಂಡೆನ್ಸರಿನ ತೆಳು ರೆಕ್ಕೆಗಳು ಮಡಚಿವೆಯಾ, ಎಣ್ಣೆ ಜಿಡ್ಡು ಕೂತಿದೆಯಾ? ಗ್ಯಾಸ್ ಸೋರಿದ ಕಡೆ ಜಿಡ್ಡು ಕಾಣುತ್ತದೆ. ಎಸಿ ಹಾಕಿ, ತಂಪು ಬರುತ್ತಾ, ಫ್ಯಾನ್ ಏನಾದರೂ ಉಜ್ಜುವ ಸದ್ದು ಮಾಡುತ್ತಾ ಕೇಳಿ. ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಗ್ಗೆ ಬಣ್ಣದ ನೀರು ಬಿದ್ದಿದೆಯಾ ನೋಡಿ. ಹೆಡ್‌ಲೈಟನ್ನು ಕೈಯಲ್ಲಿ ಅಲ್ಲಾಡಿಸಿ. ಹಿಂದಿನ ಕಿವಿ ಮುರಿದಿದ್ದರೆ ಗ್ಲಾಸ್ ಚೆನ್ನಾಗಿದ್ದರೂ ಲೈಟು ಕುಣಿಯುತ್ತದೆ. ಬಾನೆಟ್ ಮುಚ್ಚಿ ಎರಡೂ ಕಡೆಯ ಸಂದು ಸಮ ಇದೆಯಾ ಹೋಲಿಸಿ.

ಇದರಲ್ಲಿ ಕಂಡೆನ್ಸರ್, ಹೆಡ್‌ಲೈಟ್, ಬೀಮ್ ಮೂರೂ ಸೇರಿಕೊಂಡರೆ ಆಗ ಕ್ಲೇಮೇ ಲಾಭ. ಹಾಗಾಗಿ ಬಿಚ್ಚುವ ಮೊದಲು ಫೋಟೋ ತೆಗೆದಿಡಿ. ಕ್ಲೇಮ್ ಆಸೆ ಇದ್ದರೆ ತಡ ಮಾಡದೆ ಕಂಪನಿಗೆ ತಿಳಿಸಿ, ನಷ್ಟ ಅಳೆಯುವ ಸರ್ವೇಯರ್ ನೋಡುವ ತನಕ ರಿಪೇರಿಗೆ ಕೈ ಹಾಕಬೇಡಿ.

ವಕೀಲರ ಕಾರು, ಶಿವಮೊಗ್ಗ

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ತಪ್ಪು ಪಿಕಪ್ಪಿನದು. ಅವರ ಥರ್ಡ್ ಪಾರ್ಟಿ ಇನ್ಶೂರೆನ್ಸಿನಿಂದ ನಿಮ್ಮ ಗಾಡಿಯ ನಷ್ಟ ವಸೂಲಿ ಮಾಡಲು ಕಾನೂನಿನಲ್ಲಿ ದಾರಿ ಇದೆ. ಆದರೆ ಅದಕ್ಕೆ ಪೊಲೀಸ್ ದಾಖಲೆ ಬೇಕು, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಒಂದು ಬಂಪರಿಗೋಸ್ಕರ ಯಾರೂ ಆ ದಾರಿ ಹಿಡಿಯುವುದಿಲ್ಲ, ಹಿಡಿಯಿರಿ ಅಂತ ನಾನೂ ಹೇಳಲ್ಲ. ಸ್ಥಳದಲ್ಲೇ ಮುಗಿಸಿದ್ದು ಸರಿ. ಯಾರಿಗಾದರೂ ಗಾಯವಾಗಿದ್ದರೆ ಮಾತ್ರ ಹಾಗೆ ಮುಗಿಸಲು ಹೋಗಬೇಡಿ. ಆಗ ಆಸ್ಪತ್ರೆಗೆ ಸೇರಿಸುವುದು, ಪೊಲೀಸರಿಗೆ ತಿಳಿಸುವುದು ಮೋಟಾರು ವಾಹನ ಕಾಯಿದೆಯ 134ನೇ ಸೆಕ್ಷನ್ ಪ್ರಕಾರ ಡ್ರೈವರಿನ ಕರ್ತವ್ಯ.

ಕುಡ್ಲದಿಂದ ದುಬೈಗೆ

ಇಲ್ಲಿ ಬೇರೆ ಕಥೆ ಮಾರಾಯ್ರೆ. ಸಣ್ಣ ಪೆಟ್ಟಾದರೂ ಪೊಲೀಸ್ ರಿಪೋರ್ಟ್ ಬೇಕು, ಅದಿಲ್ಲದೆ ಗ್ಯಾರೇಜಿನವರು ಮುಟ್ಟುವ ಹಾಗಿಲ್ಲ. ಊರಿನ "ಹೋಗ್ಲಿ ಬಿಡಿ" ಇಲ್ಲಿ ನಡೆಯುವುದಿಲ್ಲ.

ಕೊಡಗಿನ ಕಾರು

ಎರಡನೇ ಗೇರ್ ಮೇಡಂ, ನೋಡಿದೆ. ಎಸಿ ತಂಪಾಗಿದೆ, ನೆಲದ ಮೇಲೆ ಏನೂ ಬಿದ್ದಿಲ್ಲ. ಕೊಕ್ಕೆ ನೇರ ಬೀಮಿಗೇ ಬಡಿದಿದೆ, ಬಣ್ಣ ಕಿತ್ತು ಹೊಳೆಯುವ ಗುರುತು ಕಾಣುತ್ತದೆ, ಆದರೆ ಬಗ್ಗಿಲ್ಲ. ಹಾರ್ನಿನ ಪಟ್ಟಿ ಸ್ವಲ್ಪ ಬಾಗಿದೆ. ಹೆಡ್‌ಲೈಟ್ ಗಟ್ಟಿ ಇದೆ. ಎಡ ಮೂಲೆಯಲ್ಲಿ ಬಂಪರ್ ಸಿಕ್ಕಿಸುವ ಪ್ಲಾಸ್ಟಿಕ್ ಪಟ್ಟಿ ಮಾತ್ರ ಎರಡು ತುಂಡು.

ಜುಗಾಡ್ ಜಗ್ಗ, ಹುಬ್ಬಳ್ಳಿ

ಇಷ್ಟಕ್ಕೆ ತಲೆ ಯಾಕ್ರೀ ಕೆಡಿಸ್ಕೋತೀರಿ? ಸೂಪರ್ ಗ್ಲೂ ಹಾಕಿ, ಒಳಗಿನಿಂದ ಎಂ-ಸೀಲ್ ಮೆತ್ತಿ. ಮೂಲೆಗೆ ಒಂದು ಕೇಬಲ್ ಟೈ. ಹೊರಗಡೆ ಸ್ಟಿಕ್ಕರ್. ನೂರಿನ್ನೂರು ರೂಪಾಯಿ ಕೆಲಸ.

ಟಿಂಕರಿಂಗ್ ಮನೆ, ಹಾಸನ

ಜಗ್ಗಣ್ಣ, ಕೇಬಲ್ ಟೈ ಒಪ್ಪುತ್ತೇನೆ. ಮಳೆಗಾಲ ಮುಗಿಯುವ ತನಕ ತಾತ್ಕಾಲಿಕಕ್ಕೆ ನಾನೂ ಅದನ್ನೇ ಹಾಕಿಸುತ್ತೇನೆ. ಗ್ಲೂ, ಎಂ-ಸೀಲ್ ಬೇಡ. ನಮ್ಮ ಅಂಗಡಿಗೆ ಬರುವ ಬಂಪರುಗಳಲ್ಲಿ ಅರ್ಧ ಕೆಲಸ ಹಿಂದಿನವರು ಮೆತ್ತಿದ್ದನ್ನು ಕೆರೆದು ತೆಗೆಯುವುದೇ ಆಗಿರುತ್ತದೆ.

ಕಾರಣ ಇದು. ಬಂಪರ್ ಬಿಚ್ಚಿ ಒಳಮೈ ನೋಡಿದರೆ ಪಿಪಿ+ಇಪಿಡಿಎಂ ಅಂತ ಅಚ್ಚು ಇರುತ್ತದೆ. ಪಿಪಿ ಅಂದ್ರೆ ಪಾಲಿಪ್ರೊಪಿಲೀನ್. ಇಪಿಡಿಎಂ ಒಂದು ಥರದ ರಬ್ಬರ್, ಬಂಪರ್ ಬಳುಕಲಿ ಅಂತ ಸೇರಿಸಿರುತ್ತಾರೆ. ಪಕ್ಕದಲ್ಲಿ ಟಿ20 ಅಂತ ಇದ್ದರೆ ಟಾಲ್ಕ್ ಪುಡಿ 20 ಪರ್ಸೆಂಟ್ ಇದೆ ಅಂತ. ಈ ಪಿಪಿ ಮೈಗೆ ಸಾಮಾನ್ಯ ಅಂಟು ಯಾವುದೂ ಕಚ್ಚುವುದಿಲ್ಲ. ಎಂ-ಸೀಲ್ ಒಣಗಿ ಕಲ್ಲಾಗುತ್ತದೆ, ಬಂಪರ್ ಮಾತ್ರ ಬಳುಕುತ್ತಲೇ ಇರುತ್ತದೆ. ನಾಲ್ಕು ಹಂಪ್ ಹತ್ತಿಳಿದರೆ ಹಪ್ಪಳದ ಹಾಗೆ ಎದ್ದು ಬರುತ್ತದೆ.

ಸರಿಯಾದ ಕೆಲಸ ಅಂದ್ರೆ ವೆಲ್ಡಿಂಗ್. ಪಿಪಿ ಸುಮಾರು 160 ಡಿಗ್ರಿಗೆ ಕರಗುತ್ತದೆ, ಕರಗಿಸಿಯೇ ಕೂಡಿಸಬೇಕು. ಮೊದಲು ಸೋಪು ಹಾಕಿ ಎರಡೂ ಮೈ ತೊಳೆಯಬೇಕು. ಸೀಳಿನ ತುದಿಯಲ್ಲಿ ಸಣ್ಣ ಡ್ರಿಲ್ ಬಿಟ್ಟಿನಿಂದ ತೂತು ಕೊರೆಯಬೇಕು, ಇಲ್ಲದಿದ್ದರೆ ಸೀಳು ಅಲ್ಲಿಂದ ಮುಂದಕ್ಕೆ ಓಡುತ್ತದೆ. ಆಮೇಲೆ ಒಳಗಡೆಯಿಂದ ಬಿಸಿ ಸ್ಟೇಪಲ್ ಕೂರಿಸುವುದು. ಅಲೆಯಂತೆ ಬಾಗಿದ ಸಣ್ಣ ತಂತಿ ಅದು. ಮೆಷಿನ್ನಿನಲ್ಲಿ ಕಾದು ಕೆಂಪಾದಾಗ ಸೀಳಿಗೆ ಅಡ್ಡಲಾಗಿ ಒತ್ತಿದರೆ ಪ್ಲಾಸ್ಟಿಕ್ಕಿನೊಳಗೆ ಮುಳುಗುತ್ತದೆ. ಹೊರಗೆ ಉಳಿದ ಕಾಲು ಕತ್ತರಿಸಿ, ಸೀಳಿನ ಉದ್ದಕ್ಕೂ ವಿ ಆಕಾರದ ಕಾಲುವೆ ಕೆತ್ತಿ, ಪಿಪಿ ಕಡ್ಡಿ ಕರಗಿಸಿ ತುಂಬಬೇಕು. ಪಿಪಿಗೆ ಪಿಪಿ ಕಡ್ಡಿಯೇ ಆಗಬೇಕು. ಎಬಿಎಸ್ ಅನ್ನುವ ಬೇರೆ ಪ್ಲಾಸ್ಟಿಕ್ಕಿನ ಕಡ್ಡಿ ಹಾಕಿದರೆ ಮೇಲೆ ಕೂತ ಹಾಗೆ ಕಾಣುತ್ತದೆ, ಉಗುರಲ್ಲಿ ಎಬ್ಬಿದರೆ ಪಟ್ಟಿಯಾಗಿ ಬರುತ್ತದೆ. ನಿಮ್ಮ ನಾಣ್ಯದಷ್ಟು ತೂತಿಗೆ ಒಳಗಡೆ ಸ್ಟೀಲ್ ಜಾಲರಿ ಇಟ್ಟು ಕಡ್ಡಿ ತುಂಬಬಹುದು. ಅದಕ್ಕಿಂತ ದೊಡ್ಡದಾಗಿದ್ದರೆ ಹೊಸದು ಹಾಕಿ ಅಂತಿದ್ದೆ.

ನಿಮ್ಮ ಪಕ್ಕದ ಗ್ಯಾರೇಜಿನವರನ್ನು ಕೇಳಿ: ಅಂಟಿಸ್ತೀರಾ, ವೆಲ್ಡ್ ಮಾಡ್ತೀರಾ? ಉತ್ತರದಲ್ಲೇ ಗೊತ್ತಾಗುತ್ತದೆ.

ಜುಗಾಡ್ ಜಗ್ಗ

ಒಪ್ಪಿದೆ ಅಣ್ಣ. ಡೆಂಟಿಗೆ ಬಿಸಿನೀರು ಹಾಕಿದ್ರೆ ತಾನೇ ಎದ್ದು ಬರುತ್ತೆ ಅಂತ ವಿಡಿಯೋ ನೋಡಿದ್ದೆ. ಅದಾದ್ರೂ ನಿಜಾನಾ?

ಟಿಂಕರಿಂಗ್ ಮನೆ

ಅದು ನಿಜ. ಬರೀ ತಗ್ಗಾಗಿದ್ದು ಸೀಳಿಲ್ಲದಿದ್ದರೆ ಕುದಿಯುವ ನೀರು ಸುರಿದು ಒಳಗಿನಿಂದ ಕೈಯಲ್ಲಿ ಒತ್ತಿದರೆ ಎದ್ದು ಬರುತ್ತದೆ. ಗ್ಲೌಸ್ ಹಾಕಿಕೊಳ್ಳಿ. ಹೀಟ್ ಗನ್ ಆದರೆ ಒಂದೇ ಕಡೆ ಹಿಡಿಯಬಾರದು, ಬಣ್ಣ ಗುಳ್ಳೆ ಏಳುತ್ತದೆ. ತಗಡಿನ ಬಾನೆಟ್, ಫೆಂಡರಿಗೆ ಈ ಉಪಾಯ ನಡೆಯಲ್ಲ.

ಹಳೇ ಮಾಡೆಲ್, ಬೆಂಗಳೂರು

ವೆಲ್ಡಿಂಗ್, ಪೇಂಟಿಂಗ್ ಅಂತ ಒದ್ದಾಡುವ ಬದಲು ಜೆ.ಸಿ. ರೋಡಿಗೆ ಬನ್ನಿ, ಹೊಸ ಬಂಪರ್ ಸಿಗುತ್ತೆ. ಶಿವಾಜಿನಗರದಲ್ಲಿ ಹುಡುಕಿದರೆ ಇದೇ ಬಣ್ಣದ ಸೆಕೆಂಡ್ ಹ್ಯಾಂಡೂ ಸಿಗಬಹುದು. ಸಿಲ್ವರ್ ಕಾರುಗಳು ಊರ ತುಂಬಾ ಇವೆಯಲ್ಲ.

ಎರಡನೇ ಗೇರ್

ಮಡಿಕೇರಿಯಿಂದ ಬೆಂಗಳೂರಿಗೆ ಹೋಗಿ ಬಂಪರ್ ಹೊತ್ತು ತರೋದಾ ಸರ್? ಕಾರಿನೊಳಗೆ ಬಂಪರ್ ತೂರಿಸಿ ನೋಡಿದ್ದೀರಾ ಯಾವತ್ತಾದರೂ?

ತಮಾಷೆ ಬಿಡಿ. ಕಂಪನಿಯ ಜೆನ್ಯೂನ್ ಪಾರ್ಟ್ ಆದರೆ ಕೂರುವುದು ಸರಿ ಇರುತ್ತದೆ. ಹೊರಗಿನ ಕಡಿಮೆ ಬೆಲೆಯ ಬಂಪರಿನಲ್ಲಿ ಹೆಡ್‌ಲೈಟಿನ ಕೆಳಗೆ, ಫೆಂಡರಿನ ಮೂಲೆಯಲ್ಲಿ ಸಂದು ಉಳಿಯುವುದು ಮಾಮೂಲಿ. ತಗೊಂಡರೆ ಪೇಂಟ್ ಮಾಡುವ ಮೊದಲು ಒಮ್ಮೆ ಗಾಡಿಗೆ ಕೂರಿಸಿ ನೋಡಬೇಕು. ಬಣ್ಣ ಹೊಡೆದ ಮೇಲೆ ಯಾರೂ ವಾಪಸ್ ತಗೊಳ್ಳಲ್ಲ. ಇನ್ನೊಂದು ಮಾತು: ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28 ಪರ್ಸೆಂಟಿನಿಂದ 18ಕ್ಕೆ ಇಳಿದಿದೆ. ಹಳೆಯ ಕೊಟೇಶನ್ ಹಿಡಿದುಕೊಂಡು ಹೋಲಿಸಬೇಡಿ.

ಹಳೇ ಮಾಡೆಲ್

ಆಯ್ತಮ್ಮ, ಸೋತೆ. ಆದರೆ ಮುಂದಕ್ಕೆ ಒಂದು ಸ್ಟೀಲ್ ಗಾರ್ಡ್ ಹಾಕಿಸಿಬಿಡಲಿ. ಆಗ ಕೊಕ್ಕೆ ಬಂದರೂ ತಲೆನೋವಿಲ್ಲ.

ವಕೀಲರ ಕಾರು

ಗಾರ್ಡ್ ಬೇಡವೇ ಬೇಡ. ಬುಲ್ ಬಾರ್, ಕ್ರ್ಯಾಶ್ ಗಾರ್ಡ್ ಹಾಕುವುದು ಕಾಯಿದೆಯ 52ನೇ ಸೆಕ್ಷನ್ನಿಗೆ ವಿರುದ್ಧ, ಕ್ರಮ ತಗೊಳ್ಳಿ ಅಂತ ಕೇಂದ್ರ ಸಾರಿಗೆ ಇಲಾಖೆ 2017ರಲ್ಲೇ ರಾಜ್ಯಗಳಿಗೆ ಬರೆದಿದೆ. ದಂಡದ ಮಾತು ಬಿಡಿ. ಗಾರ್ಡ್ ನೇರ ಚಾಸಿಗೆ ಬೋಲ್ಟ್ ಆಗಿರುತ್ತದೆ, ಪೆಟ್ಟನ್ನು ಮೆತ್ತಗೆ ಮಾಡದೆ ಒಳಗೆ ದಾಟಿಸುತ್ತದೆ. ಏರ್‌ಬ್ಯಾಗ್ ಸೆನ್ಸರಿನ ಲೆಕ್ಕವೂ ತಪ್ಪಬಹುದು. ನಡೆದು ಹೋಗುವವರಿಗೆ ತಾಗಿದರೆ ಪ್ಲಾಸ್ಟಿಕ್ ಬಂಪರ್ ಬಳುಕುತ್ತದೆ, ಕಬ್ಬಿಣ ಬಳುಕಲ್ಲ.

ಕೊಡಗಿನ ಕಾರು

ಗಾರ್ಡ್ ಇಲ್ಲ, ಕ್ಲೇಮ್ ಇಲ್ಲ, ವೆಲ್ಡಿಂಗ್ ಮಾಡಿಸುತ್ತೇನೆ. ಹಾಸನದ ಅಣ್ಣ, ಪೇಂಟಿಂಗ್ ಬಗ್ಗೆ ಹೇಳಿ. ನಮ್ಮಲ್ಲಿ ಮಳೆ ನಿಂತಿಲ್ಲ. ಸೀಳಿದ ಕಡೆ ಮಾತ್ರ ಟಚಪ್ ಮಾಡಿದರೆ ಸಾಕಾ?

ಟಿಂಕರಿಂಗ್ ಮನೆ

ಸಿಲ್ವರ್ ಬಣ್ಣಕ್ಕೆ ಟಚಪ್ ಮಾತು ಎತ್ತಬೇಡಿ ಸರ್. ಸಾದಾ ಬಿಳಿ ಆಗಿದ್ದರೆ ನೋಡಬಹುದಿತ್ತು. ಸಿಲ್ವರಿನಲ್ಲಿ ಅಲ್ಯೂಮಿನಿಯಂ ಚೂರು ಇರುತ್ತದೆ. ಗನ್ನಿನ ಪ್ರೆಶರ್, ಹಿಡಿದ ದೂರ ಸ್ವಲ್ಪ ಬದಲಾದರೂ ಚೂರು ಬೇರೆ ಥರ ಮಲಗಿ, ಅದೇ ಡಬ್ಬಿಯ ಬಣ್ಣ ಒಂದು ಕಡೆ ಕಪ್ಪಗೆ, ಒಂದು ಕಡೆ ಬೆಳ್ಳಗೆ ಕಾಣುತ್ತದೆ. ಬಂಪರ್ ಪೂರ್ತಿ ಹೊಡೆಸಿ. ಗಾಡಿಯ ಪ್ಲೇಟಿನ ಮೇಲಿರುವ ಕಲರ್ ಕೋಡ್ ನೋಡಿ ಮಿಕ್ಸ್ ಮಾಡಿಸಬೇಕು. ಅಷ್ಟಕ್ಕೇ ನಿಲ್ಲದೆ ಸಣ್ಣ ತಗಡಿಗೆ ಹೊಡೆದು, ಒಣಗಿದ ಮೇಲೆ ಹಗಲು ಬೆಳಕಿನಲ್ಲಿ ಫೆಂಡರಿನ ಪಕ್ಕ ಹಿಡಿದು ನೋಡಬೇಕು. ನಿಮ್ಮ ಗಾಡಿಯ ಬಣ್ಣ ಇಷ್ಟು ವರ್ಷದಲ್ಲಿ ಬಿಸಿಲಿಗೆ ಒಂಚೂರು ಮಾಸಿರುತ್ತದೆ.

ಕೆಲವರು ಬಿಡುವ ಹಂತ ಒಂದಿದೆ. ವೆಲ್ಡ್ ಆಗಿ, ಬಂಪರಿಗೇ ಬರುವ ಬಳುಕುವ ಪುಟ್ಟಿ ತೆಳ್ಳಗೆ ಎಳೆದು, ವಾಟರ್ ಪೇಪರಿನಲ್ಲಿ ಉಜ್ಜಿದ ಮೇಲೆ ಪ್ಲಾಸ್ಟಿಕ್ ಕಾಣುವ ಜಾಗಕ್ಕೆಲ್ಲ ಪ್ಲಾಸ್ಟಿಕ್ ಪ್ರೈಮರ್ ಹೊಡೆಯಬೇಕು. ಪಾರದರ್ಶಕವಾಗಿರುತ್ತದೆ, ಹೊಡೆದರೋ ಬಿಟ್ಟರೋ ಗಿರಾಕಿಗೆ ಗೊತ್ತಾಗಲ್ಲ. ಬಿಟ್ಟರೆ ಬಣ್ಣ ಚೆನ್ನಾಗಿಯೇ ಹೊಳೆಯುತ್ತದೆ. ಮುಂದೊಂದು ದಿನ ವಾಟರ್ ವಾಶ್ ಪ್ರೆಶರಿಗೆ ಹಾಳೆ ಹಾಳೆಯಾಗಿ ಕಿತ್ತು ಬರುತ್ತದೆ. ಮುಂದೆ ನಿಂತು ಹೊಡೆಸಿಕೊಳ್ಳಿ, ನಾಚಿಕೆ ಬೇಡ. ಆಮೇಲೆ ಸರ್ಫೇಸರ್ (ಮೇಲ್ಮೈ ಸಮ ಮಾಡುವ ಪದರ), ಬಣ್ಣ, ಕೊನೆಗೆ ಪಾರದರ್ಶಕ ಕ್ಲಿಯರ್ ಕೋಟ್.

ಮಳೆ ವಿಚಾರ. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಬಯಲಲ್ಲಿ ಹೊಡೆದರೆ ಮೇಲ್ಮೈ ಬೆಳ್ಳಗೆ ಮಂಜು ಹಿಡಿದ ಹಾಗಾಗುತ್ತದೆ. ಕಂಪ್ರೆಸರ್ ಪೈಪಿನಲ್ಲಿ ನೀರು ಸೇರಿದರೆ ಸಣ್ಣ ಸಣ್ಣ ಕಣ್ಣು ಬೀಳುತ್ತವೆ. ಬೂತ್, ಅಂದ್ರೆ ಪೇಂಟ್ ಹೊಡೆಯುವ ಮುಚ್ಚಿದ ಕೋಣೆ, ಇರುವ ಕಡೆ ಕೊಡಿ. ಒಳಗೆ ಸುಮಾರು 60 ಡಿಗ್ರಿಯಲ್ಲಿ ಒಣಗಿಸುತ್ತಾರೆ, ಮಳೆಗೂ ಅದಕ್ಕೂ ಸಂಬಂಧ ಇಲ್ಲ. ಬೂತ್ ಸಿಗದಿದ್ದರೆ ಈಗ ವೆಲ್ಡಿಂಗ್ ಮಾತ್ರ ಮಾಡಿಸಿ ಓಡಾಡಿ. ತಗಡಲ್ಲ, ತುಕ್ಕು ಹಿಡಿಯಲ್ಲ.

ಆ ಎಡ ಮೂಲೆಯ ಪಟ್ಟಿ ಹೊಸದು ಹಾಕಿಸಿ. ಸಣ್ಣ ಸಾಮಾನು, ಬೆಲೆ ಕಮ್ಮಿ. ಅದು ಮುರಿದಿದ್ದರೆ ಹೊಸ ಬಂಪರ್ ತಂದು ಹಾಕಿದರೂ ಸಂದು ಹಾಗೇ ಇರುತ್ತದೆ. ಎಷ್ಟೋ ಜನ ಬಂಪರ್ ಸರಿ ಕೂತಿಲ್ಲ ಅಂತ ಜಗಳ ಆಡುವುದು ಇದಕ್ಕೇ. ಮೇಲಿನ ಕ್ಲಿಪ್ಪುಗಳನ್ನೂ ನಾಲ್ಕಾರು ಜಾಸ್ತಿ ತಂದಿಡಿ, ಬಿಚ್ಚುವಾಗ ಹಳೆಯವು ಮುರಿಯುತ್ತವೆ.

ಗಣಿತದ ಮೇಷ್ಟ್ರು

ನಂಬರ್ ಪ್ಲೇಟ್ ಮರೆತಿರಾ ಎಲ್ಲರೂ? ಮಡಚಿದೆ ಅಂದಿದ್ದರು.

ಕೊಡಗಿನ ಕಾರು

ಹೌದು, ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ಪ್ಲೇಟು. ಬಿಚ್ಚಿ ಸುತ್ತಿಗೆಯಲ್ಲಿ ನೆಟ್ಟಗೆ ಮಾಡಿ ಸ್ಕ್ರೂ ಹಾಕಿದರೆ ನಡೆಯುತ್ತಾ?

ವಕೀಲರ ಕಾರು

ಅದನ್ನು ಹಿಡಿದಿರುವುದು ಸ್ನ್ಯಾಪ್ ಲಾಕ್. ಒಮ್ಮೆ ತೆಗೆದರೆ ಮುರಿಯುತ್ತದೆ, ಮತ್ತೆ ಬಳಸಲು ಬರಲ್ಲ. ಹಾಗೆ ಮಾಡಿರುವುದೇ ಯಾರೂ ಪ್ಲೇಟ್ ಬದಲಾಯಿಸಬಾರದು ಅಂತ. ಅಕ್ಷರ, ಅಶೋಕ ಚಕ್ರದ ಹಾಲೋಗ್ರಾಮ್, ಲೇಸರ್ ನಂಬರ್ ಸರಿ ಕಾಣುತ್ತಿಲ್ಲ ಅಂದ್ರೆ ಹಾಳಾದ ಪ್ಲೇಟಿಗೆ ಬದಲಿ ಬೇಕು ಅಂತ ಅಧಿಕೃತ ತಯಾರಕರಲ್ಲೇ ಅರ್ಜಿ ಹಾಕಿ. ಗ್ಯಾರೇಜಿನಲ್ಲಿ ಬಿಚ್ಚುವ ಮೊದಲೇ ಹಾಕಿದರೆ ಕೆಲಸ ಮುಗಿಯುವಷ್ಟರಲ್ಲಿ ಬರಬಹುದು. ರಸೀದಿ ಗಾಡಿಯಲ್ಲೇ ಇಟ್ಟುಕೊಳ್ಳಿ.

ಹೊಸ ಸದಸ್ಯ, ಮಂಗಳೂರು

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಕಾರಿನ ಮುಂದಿನ ಬಂಪರಿನಲ್ಲಿ ಪಾರ್ಕಿಂಗ್ ಸೆನ್ಸರ್ ಇದೆ, ಒಳಗೆ ರಾಡಾರ್ ಕೂಡ ಇದೆ. ಇದೇ ರೀತಿ ವೆಲ್ಡ್ ಮಾಡಿಸಬಹುದಾ?

ಎರಡನೇ ಗೇರ್

ರಾಡಾರಿನ ಎದುರು ಪುಟ್ಟಿ, ಸ್ಟೇಪಲ್, ಜಾಲರಿ ಏನೂ ಬರಬಾರದು. ದಪ್ಪ ಬಣ್ಣವೂ ತೊಂದರೆ ಕೊಡುತ್ತದೆ. ಬಂಪರ್ ತೆಗೆದು ಹಾಕಿದ ಮೇಲೆ ಕ್ಯಾಲಿಬ್ರೇಶನ್ ಬೇಕಾಗಬಹುದು, ಹಾಗಾಗಿ ನಿಮ್ಮದು ಸರ್ವಿಸ್ ಸೆಂಟರಿನ ಕೆಲಸ. ಸೆನ್ಸರಿನ ಮುಖಕ್ಕೆ ಮತ್ತೆ ಮತ್ತೆ ಬಣ್ಣ ಹೊಡೆಯಲು ಬಿಡಬೇಡಿ. ಮೊದಲೇ ತೆಗೆದಿಡಲು ಹೇಳಿ. ನಿಮ್ಮ ವಿಷಯದಲ್ಲಿ ಕ್ಲೇಮ್ ಲೆಕ್ಕವೂ ತಿರುಗಬಹುದು, ಮೇಷ್ಟ್ರ ಹತ್ತಿರ ಕೇಳಿ.

ಕೊಡಗಿನ ಕಾರು

ಅಪ್‌ಡೇಟ್. ಮೈಸೂರಿನಲ್ಲಿ ಬೂತ್ ಇರುವ ಒಂದು ಗ್ಯಾರೇಜಿನಲ್ಲಿ ಮಾಡಿಸಿದೆ. ಸ್ಟೇಪಲ್ ಕೂರಿಸುವಾಗ ಪಕ್ಕದಲ್ಲೇ ನಿಂತಿದ್ದೆ. ಪ್ರೈಮರ್ ಕೇಳಿದಾಗ ಪೇಂಟರ್ ಒಮ್ಮೆ ನನ್ನ ಮುಖ ನೋಡಿ, ಒಳಗಿನಿಂದ ಡಬ್ಬಿ ತಂದ. ಹೊಸ ಪಟ್ಟಿ, ಕ್ಲಿಪ್ಪು, ಪೇಂಟು ಎಲ್ಲ ಸೇರಿ ಬಿಲ್ಲು 5,500. ಹುಡುಗ ಕೊಟ್ಟ 1,500 ಕಳೆದರೆ ನನ್ನದು 4,000. ಹೊಸ ನಂಬರ್ ಪ್ಲೇಟ್ ಇನ್ನೂ ಬಂದಿಲ್ಲ. ಬಣ್ಣ ಬೆಳಗಿನ ಬೆಳಕಿಗೆ ಒಂದೇ ಥರ ಇದೆ, ಪೆಟ್ರೋಲ್ ಬಂಕಿನ ಟ್ಯೂಬ್‌ಲೈಟ್ ಕೆಳಗೆ ಮಾತ್ರ ಬಂಪರ್ ಒಂದು ಕಣ ಬೆಳ್ಳಗೆ ಕಾಣುತ್ತದೆ. ಇದಕ್ಕೆ ತಕರಾರು ಮಾಡಬಹುದಾ?

ಟಿಂಕರಿಂಗ್ ಮನೆ

ಬೇಡ ಸರ್. ಪ್ಲಾಸ್ಟಿಕ್ಕಿನ ಬಂಪರು, ತಗಡಿನ ಫೆಂಡರು ಕಂಪನಿಯಿಂದ ಬರುವಾಗಲೇ ಕೆಲವು ಗಾಡಿಗಳಲ್ಲಿ ಒಂದೇ ಥರ ಇರಲ್ಲ. ಹಗಲಲ್ಲಿ ಸರಿ ಇದ್ದರೆ ಪೇಂಟರ್ ಒಳ್ಳೆಯವನೇ. ಒಂದು ವಾರ ವಾಟರ್ ವಾಶಿಗೆ ಬಿಡಬೇಡಿ, ಬಕೆಟ್ ನೀರು ಸಾಕು. ಹಕ್ಕಿ ಹಿಕ್ಕೆ ಬಿದ್ದರೆ ತಕ್ಷಣ ತೊಳೆಯಿರಿ, ಹೊಸ ಕ್ಲಿಯರ್ ಕೋಟಿಗೆ ಅದು ಕಲೆ ಮಾಡುತ್ತದೆ. ಒಂದು ತಿಂಗಳು ವ್ಯಾಕ್ಸ್, ಪಾಲಿಶ್ ಯಾವುದೂ ಬೇಡ.